ತಾರೀಖಿಲ್ಲದ ವೋಚರುಗಳು: ನೆನಪು ಕಾಲದ ಲೆಕ್ಕ ಇಡುವ ಬಗೆ

(ಲಿಂಡ್‌ಹೋಲ್ಮೆನ್‌ನಲ್ಲಿ ನಡೆದ ನಮ್ಮ ಸಮಾವೇಶದ ಮುಖ್ಯ ಭಾಷಣದ ಲಿಖಿತ ರೂಪ)



ಕರೆದವರು ಮೊದಲೇ ಷರತ್ತು ಹಾಕಿದ್ದರು: "ಏನು ಬೇಕಾದರೂ ಮಾತಾಡಿ ಸಾರ್, ತೆರಿಗೆ ಮಾತ್ರ ಬೇಡ." ಒಪ್ಪಿಕೊಂಡೆ. ಆದರೆ ಇಪ್ಪತ್ತು ವರ್ಷ ಲೆಕ್ಕ ನೋಡಿದವನು ನಾನು. ನಡುವೆ ಒಂದೈದು ನಿಮಿಷ ತೆರಿಗೆಯ ಕಡೆ ಹೋಗಿಯೇ ಹೋಗುತ್ತೇನೆ. ಅದಕ್ಕೆ ಈಗಲೇ ಕ್ಷಮೆ ಕೇಳಿಬಿಡುತ್ತೇನೆ.

ಮೊದಲು ನಿಮಗೊಂದು ಪ್ರಶ್ನೆ. ನೀವು ಲಿಂಡ್‌ಹೋಲ್ಮೆನ್‌ಗೆ ಕೆಲಸಕ್ಕೆ ಬಂದು ಎಷ್ಟು ವರ್ಷವಾಯಿತು? ಬೆರಳು ಎಣಿಸುವುದು ಕಾಣಿಸುತ್ತಿದೆ. ಇನ್ನೊಂದು ರೀತಿಯಲ್ಲಿ ಕೇಳುತ್ತೇನೆ. ನೀವು ಬಂದಾಗ ಕಾರ್ಲಾಟೋರ್ನೆಟ್ ಎಷ್ಟು ಎತ್ತರ ಎದ್ದಿತ್ತು? ನೋಡಿ, ಈಗ ಎಲ್ಲರೂ ಥಟ್ಟನೆ ಹೇಳುತ್ತೀರಿ. "ಬರೀ ಗುಂಡಿ ಇತ್ತು." "ಕೆಲಸ ನಿಂತುಹೋಗಿತ್ತು." "ಫೆರಿಯಿಂದ ನೋಡಿದರೆ ಕ್ರೇನು ಮೋಡದೊಳಗೆ ಇರುತ್ತಿತ್ತು." ಈಗ 246 ಮೀಟರ್ ಎತ್ತರ ನಿಂತಿರುವ ಈ ಕಟ್ಟಡದ ಕೆಲಸ 2020ರಲ್ಲಿ ಹಣದ ತೊಂದರೆಯಿಂದ ನಿಂತು, ಮುಂದಿನ ವರ್ಷ ಮತ್ತೆ ಶುರುವಾಯಿತು. ಹಾಗಾಗಿ "ಕೆಲಸ ನಿಂತುಹೋಗಿತ್ತು" ಎಂದವರು ಯಾವ ವರ್ಷ ಬಂದವರೆಂದು ನಾನೇ ಲೆಕ್ಕ ಹಾಕಬಲ್ಲೆ. ಇಸವಿ ಕೇಳಿದರೆ ತಡವರಿಸುವ ತಲೆ, ಕಟ್ಟಡ ಕೇಳಿದರೆ ತಡವರಿಸುವುದಿಲ್ಲ. ಇವತ್ತಿನ ನನ್ನ ಮಾತೆಲ್ಲ ಈ ವ್ಯತ್ಯಾಸದ ಬಗ್ಗೆಯೇ.

ನಾನು ನರವಿಜ್ಞಾನಿ ಅಲ್ಲ. ಈ ವಿಷಯ ಓದಲು ಶುರುಮಾಡಿದ್ದು ಒಂದು ಸ್ವಂತ ಕಾರಣಕ್ಕೆ. 2021ರ ಮೇ ತಿಂಗಳಲ್ಲಿ ತಿಪಟೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ಅಪ್ಪ ತೀರಿಕೊಂಡರು. ಕೊರೊನಾದ ಎರಡನೇ ಅಲೆಯ ಸಮಯ, ಹೋಗಲು ಆಗಲಿಲ್ಲ. ಎಲ್ಲವನ್ನೂ ವಿಡಿಯೊದಲ್ಲೇ ನೋಡಿದೆ. ಆ ವಾರ ಫೋನು ಮಾಡಿದವರಿಗೆಲ್ಲ ನಾನು ಹೇಳಿದ ಮಾತು ಒಂದೇ: "ಒಂದು ವರ್ಷದ ಕೆಳಗೆ ಹೋಗಿ ನೋಡಿಕೊಂಡು ಬಂದಿದ್ದೆ, ಅದೇ ಸಮಾಧಾನ." ನಾನು ಸುಳ್ಳು ಹೇಳುತ್ತಿರಲಿಲ್ಲ. ನನ್ನ ತಲೆಯಲ್ಲಿ ಹಾಗೇ ಇತ್ತು. ತಿಂಗಳ ನಂತರ ಯಾವುದೋ ಅರ್ಜಿಗೆ ಪಾಸ್‌ಪೋರ್ಟ್ ತೆಗೆದೆ. ಬೆಂಗಳೂರಿನಿಂದ ಹೊರಟ ಕೊನೆಯ ಮುದ್ರೆ 13 ಜನವರಿ 2019. ಒಂದು ವರ್ಷವಲ್ಲ, ಎರಡು ವರ್ಷ ನಾಲ್ಕು ತಿಂಗಳು.

ಊರವರ ಲೆಕ್ಕದಲ್ಲಿ ಒಂದು ದಿನ ತಪ್ಪಿದರೂ ಬಿಡದವನು ನಾನು. ನನ್ನ ಲೆಕ್ಕದಲ್ಲೇ ಹದಿನಾರು ತಿಂಗಳು ಎಲ್ಲಿ ಹೋಯಿತು?

ಗಡಿಯಾರ ಇದೆ, ಆದರೆ ನೆನಪಿನಲ್ಲಿ ಅಲ್ಲ

ಮಿದುಳಿನಲ್ಲಿ ಗಡಿಯಾರಗಳೇ ಇಲ್ಲ ಎಂದುಕೊಳ್ಳಬೇಡಿ. ಕಣ್ಣಿನ ನರಗಳು ಅಡ್ಡ ಹಾಯುವ ಜಾಗದ ಸ್ವಲ್ಪ ಮೇಲೆ, ಸುಮಾರು 20,000 ಕೋಶಗಳ ಒಂದು ಸಣ್ಣ ಗಂಟು ಇದೆ. ಹಗಲು ರಾತ್ರಿಯ ಲೆಕ್ಕ ಅದರದ್ದು. ಚಳಿಗಾಲದಲ್ಲಿ ಊರಿಂದ ಬಂದಿಳಿದ ಮೊದಲ ದಿನಗಳಲ್ಲಿ ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗಿ ಕೂರುತ್ತೀರಲ್ಲ, ಆ ಗಂಟು ಇನ್ನೂ ನಾಲ್ಕೂವರೆ ಗಂಟೆ ಮುಂದೆ ಓಡುತ್ತಿರುತ್ತದೆ. ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರೂವರೆಗೆ ಕತ್ತಲಾಗುವ ಈ ಊರಲ್ಲಿ ಅದು ಸರಿಹೋಗಲು ಇನ್ನೂ ಒದ್ದಾಡುತ್ತದೆ.

ಸೆಕೆಂಡು, ನಿಮಿಷಗಳ ಅಂದಾಜಿಗೆ ಬೇರೆ ಏರ್ಪಾಡು ಇದೆ. ಹಾಲು ಉಕ್ಕುವ ಹೊತ್ತಾಯಿತು ಎಂದು ಅಡುಗೆಮನೆಗೆ ಓಡುತ್ತೇವಲ್ಲ, ಅದು. ಇದರಲ್ಲಿ ಮಿದುಳಿನ ಆಳದ ಕೆಲವು ಭಾಗಗಳಿಗೂ ಡೋಪಮೈನ್ ಎಂಬ ರಾಸಾಯನಿಕಕ್ಕೂ ಪಾತ್ರವಿದೆ. ಡೋಪಮೈನ್ ಕಡಿಮೆಯಾಗುವ ಪಾರ್ಕಿನ್ಸನ್ ಕಾಯಿಲೆಯವರಲ್ಲಿ ಈ ಅಂದಾಜು ಏರುಪೇರಾಗುವುದನ್ನು ವೈದ್ಯರು ನೋಡಿದ್ದಾರೆ. ಡೋಪಮೈನ್ ತಾನೇ ಒಂದು ಸಂದೇಶವಾಹಕ ಎಂದು 1950ರ ದಶಕದಲ್ಲಿ ತೋರಿಸಿದವರು ಅರ್ವಿದ್ ಕಾರ್ಲ್ಸನ್. ಮುಂದೆ ಅವರು ನಮ್ಮ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದಲ್ಲೇ ಪ್ರಾಧ್ಯಾಪಕರಾಗಿದ್ದರು. 2000ದಲ್ಲಿ ನೊಬೆಲ್ ಬಂತು. ನದಿಯ ಆಚೆ ದಡದವರು, ಅಂದರೆ ನಮ್ಮೂರಿನವರೇ.

ಆದರೆ "ಅಪ್ಪನನ್ನು ಕೊನೆಗೆ ನೋಡಿದ್ದು ಯಾವಾಗ" ಎಂಬ ಪ್ರಶ್ನೆಗೆ ಈ ಎರಡು ಗಡಿಯಾರಗಳೂ ಉತ್ತರ ಹೇಳುವುದಿಲ್ಲ. ಆ ಪ್ರಶ್ನೆ ಹೋಗುವುದು ಹಿಪೊಕ್ಯಾಂಪಸ್ ಎಂಬ ಭಾಗಕ್ಕೆ. ಕಿವಿಯ ಒಳಬದಿಯಲ್ಲಿ, ಎರಡೂ ಕಡೆ ಇರುವ, ಕಡಲಕುದುರೆಯ ಆಕಾರದ್ದು. 1953ರಲ್ಲಿ ಅಮೆರಿಕದಲ್ಲಿ ಹೆನ್ರಿ ಮೊಲೈಸನ್ ಎಂಬ ಯುವಕನಿಗೆ ಮೂರ್ಛೆ ರೋಗದ ಚಿಕಿತ್ಸೆಗೆಂದು ಈ ಭಾಗದ ಬಹುಪಾಲನ್ನು ಎರಡೂ ಕಡೆಯಿಂದ ತೆಗೆದರು. ಆಮೇಲೆ 2008ರಲ್ಲಿ ಸಾಯುವವರೆಗೆ ಆತನಿಗೆ ದಿನನಿತ್ಯದ ಹೊಸ ಘಟನೆಗಳು ನೆನಪಿನಲ್ಲಿ ನಿಲ್ಲಲೇ ಇಲ್ಲ. ಆತನ ಕಾಲದ ಅಂದಾಜನ್ನೂ ಪರೀಕ್ಷೆ ಮಾಡಿದ್ದಾರೆ. ಸುಮಾರು 20 ಸೆಕೆಂಡಿನವರೆಗೆ ಆತನ ಲೆಕ್ಕ ನಮ್ಮ ನಿಮ್ಮಂತೆಯೇ ಸರಿ. ಅದು ದಾಟಿದರೆ ಕಾಲ ಕುಗ್ಗುತ್ತಾ ಹೋಗುತ್ತಿತ್ತು. ಅಂದರೆ ದೀರ್ಘ ಕಾಲವನ್ನು ನಾವು ಅಳೆಯುವುದು ಗಡಿಯಾರದಿಂದಲ್ಲ, ನೆನಪಿನಿಂದ. ನೆನಪು ಇಲ್ಲದ ಕಡೆ ಕಾಲವೂ ಇಲ್ಲ.

ಕಿರ್ದಿ ಮತ್ತು ಖಾತೆ

ಅಪ್ಪ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದರು. ಎರಡು ಪುಸ್ತಕ ಇಡುತ್ತಿದ್ದರು. ಒಂದು ಕಿರ್ದಿ. ಇವತ್ತು ಏನು ಬಂತು, ಏನು ಹೋಯಿತು ಎಂದು ದಿನದ ಕ್ರಮದಲ್ಲೇ ಬರೆಯುವ ಪುಸ್ತಕ. ಇನ್ನೊಂದು ಖಾತೆ. ಅದರಲ್ಲಿ ಆಸಾಮಿಗೊಂದು ಪುಟ: ಇಂಥವರ ಬಾಬ್ತು ಇಷ್ಟು. ಕಿರ್ದಿಯಲ್ಲಿ ತಾರೀಖು ಮುಖ್ಯ, ಖಾತೆಯಲ್ಲಿ ಬಾಬ್ತು ಮುಖ್ಯ. ಖಾತೆಯಲ್ಲೂ ತಾರೀಖಿನ ಕಾಲಮ್ ಇರುತ್ತದೆ, ಆದರೆ ಅದನ್ನು ಕಿರ್ದಿಯಿಂದ ಎತ್ತಿ ಬರೆಯಬೇಕು.

ನನ್ನ ಓದಿನಿಂದ ನನಗೆ ತಿಳಿದದ್ದು ಇಷ್ಟು: ಮಿದುಳು ಇಡುವುದು ಖಾತೆಯನ್ನು, ಕಿರ್ದಿಯನ್ನಲ್ಲ. ಅದರಲ್ಲಿ ತಾರೀಖಿನ ಕಾಲಮ್ ಖಾಲಿ. ಕೇಳಿದಾಗ ಆ ಕ್ಷಣಕ್ಕೆ ಊಹಿಸಿ ತುಂಬುತ್ತದೆ. ಊಹಿಸಿದ್ದು ಎಂದು ನಮಗೆ ಹೇಳುವುದಿಲ್ಲ.

ಹಾಗಂತ ಕ್ರಮವೇ ಇಲ್ಲ ಎಂದಲ್ಲ. 2008ರಲ್ಲಿ ಬುಜ್‌ಸಾಕಿ ಅವರ ತಂಡ, 2011ರಲ್ಲಿ ಬಾಸ್ಟನ್‌ನ ಹೋವರ್ಡ್ ಐಕನ್‌ಬಾಮ್ ಅವರ ತಂಡ ಇಲಿಗಳ ಹಿಪೊಕ್ಯಾಂಪಸ್‌ನಲ್ಲಿ ಒಂದು ಸಂಗತಿ ಕಂಡುಕೊಂಡರು. ಬಾಸ್ಟನ್ನಿನ ಪ್ರಯೋಗದಲ್ಲಿ ಇಲಿಗೆ ಒಂದು ವಸ್ತು ತೋರಿಸಿ, ಕೆಲವು ಸೆಕೆಂಡು ಕಾಯಿಸಿ, ಆಮೇಲೆ ಒಂದು ವಾಸನೆ ಕೊಡುತ್ತಿದ್ದರು. ಆ ಕಾಯುವ ಹೊತ್ತಿನಲ್ಲಿ ಹೊರಗೆ ಏನೂ ನಡೆಯುತ್ತಿಲ್ಲ. ಆದರೆ ಒಳಗೆ ಕೋಶಗಳು ಸರದಿಯಲ್ಲಿ ಮಿಡಿಯುತ್ತಿದ್ದವು: ಮೊದಲ ಸೆಕೆಂಡಿಗೆ ಒಂದು ಕೋಶ, ಮುಂದಿನದಕ್ಕೆ ಇನ್ನೊಂದು, ಹೀಗೆ. ಇವುಗಳಿಗೆ 'ಟೈಮ್ ಸೆಲ್' ಎಂದು ಹೆಸರಿಟ್ಟರು. ಕಾಲಕೋಶ ಎನ್ನೋಣ. ಸರದಿಯ ಕೊನೆಗೆ ಬಂದಂತೆ ಒಂದೊಂದು ಕೋಶ ಹಿಡಿಯುವ ಅವಧಿ ಅಗಲವಾಗುತ್ತಾ ಹೋಗುತ್ತಿತ್ತು. ಹತ್ತಿರದ ಕಾಲಕ್ಕೆ ಸಣ್ಣ ಗೆರೆಯ ಅಳತೆಕೋಲು, ದೂರದ ಕಾಲಕ್ಕೆ ದಪ್ಪ ಗೆರೆಯದ್ದು. 2020ರಲ್ಲಿ ಟೆಕ್ಸಾಸ್‌ನ ಸಂಶೋಧಕರು, ಮೂರ್ಛೆ ರೋಗದ ಚಿಕಿತ್ಸೆಗಾಗಿ ಮಿದುಳಿನಲ್ಲಿ ತಂತಿ ಇರಿಸಿಕೊಂಡಿದ್ದ ರೋಗಿಗಳಲ್ಲೂ ಇಂಥ ಕೋಶಗಳನ್ನು ಕಂಡರು.

ಇದಕ್ಕಿಂತ ನನ್ನನ್ನು ಹಿಡಿದು ಕೂರಿಸಿದ್ದು ನಮ್ಮ ಪಕ್ಕದ ನಾರ್ವೆಯಿಂದ ಬಂದ ಕೆಲಸ. ಟ್ರೋಂಡ್‌ಹೈಮ್‌ನ ಮೇ-ಬ್ರಿಟ್ ಮೋಸರ್ ಮತ್ತು ಎಡ್ವರ್ಡ್ ಮೋಸರ್ 2014ರಲ್ಲಿ ಜಾನ್ ಓಕೀಫ್ ಅವರೊಂದಿಗೆ ನೊಬೆಲ್ ಪಡೆದದ್ದು ಮಿದುಳು ಜಾಗವನ್ನು ಹೇಗೆ ಗುರುತಿಸುತ್ತದೆ ಎಂದು ತೋರಿಸಿದ್ದಕ್ಕೆ. ಅವರ ಪ್ರಯೋಗಾಲಯದ ಆಲ್ಬರ್ಟ್ ಸಾವ್ ಮತ್ತು ಸಂಗಡಿಗರು 2018ರಲ್ಲಿ ಇನ್ನೊಂದು ವರದಿ ಪ್ರಕಟಿಸಿದರು. ಹಿಪೊಕ್ಯಾಂಪಸ್‌ನ ಪಕ್ಕದಲ್ಲೇ ಎಂಟೊರೈನಲ್ ಕಾರ್ಟೆಕ್ಸ್ ಎಂಬ ಭಾಗವಿದೆ. ಇಲಿ ಪೆಟ್ಟಿಗೆಯೊಳಗೆ ಸ್ವಚ್ಛಂದವಾಗಿ ಓಡಾಡುತ್ತಿರುವಾಗ ಅದರ ಹೊರಬದಿಯ ಕೋಶಗಳ ಒಟ್ಟು ವರ್ತನೆ ಕ್ಷಣಕ್ಷಣಕ್ಕೂ ನಿಧಾನವಾಗಿ ಬದಲಾಗುತ್ತಾ ಹೋಗುತ್ತಿತ್ತು, ನದಿ ಸರಿದ ಹಾಗೆ. ಆ ಬದಲಾವಣೆಯನ್ನು ನೋಡಿಯೇ ಎಷ್ಟು ಹೊತ್ತಾಯಿತು ಎಂದು ಹೇಳಬಹುದಿತ್ತು. ಅಲ್ಲಿ ಟಿಕ್ ಟಿಕ್ ಎನ್ನುವ ಗಡಿಯಾರ ಏನೂ ಇರಲಿಲ್ಲ. ಅನುಭವ ಬದಲಾಗುತ್ತಿದೆ, ಆ ಬದಲಾವಣೆಯೇ ಕಾಲದ ಗುರುತು.

ಅದೇ ಇಲಿಗಳನ್ನು ಒಂದೇ ದಾರಿಯಲ್ಲಿ ಸುತ್ತು ಹಾಕಿಸಿದರು, ಮತ್ತೆ ಮತ್ತೆ. ಆಗ ಏನಾಯಿತು? ಒಂದು ಸುತ್ತಿನ ಒಳಗೆ ಎಲ್ಲಿದ್ದೇನೆ ಎಂಬುದು ಇನ್ನೂ ಚೆನ್ನಾಗಿ ತಿಳಿಯುತ್ತಿತ್ತು. ಆದರೆ ಇದು ಎರಡನೇ ಸುತ್ತೋ ಏಳನೇ ಸುತ್ತೋ ಎಂಬ ಗುರುತು ಮಸುಕಾಯಿತು.

ಇದನ್ನು ಓದಿದಾಗ ನಾನು ಫೆರಿಯಲ್ಲಿದ್ದೆ. ಸ್ಟೆನ್‌ಪಿರೆನ್‌ನಿಂದ ಲಿಂಡ್‌ಹೋಲ್ಮ್‌ಸ್‌ಪಿರೆನ್‌ಗೆ ದಾಟುವ ಆ ಕೆಲವೇ ನಿಮಿಷದ ಫೆರಿ. ಯಾವ ಗಳಿಗೆಗೆ ಬಾಗಿಲ ಹತ್ತಿರ ಹೋಗಿ ನಿಲ್ಲಬೇಕು, ಎಲ್ಲಿ ಬಂದಾಗ ಎರಿಕ್ಸ್‌ಬರ್ಗ್‌ನ ಕಿತ್ತಳೆ ಬಣ್ಣದ ಕ್ರೇನು ಕಾಣಿಸುತ್ತದೆ ಎನ್ನುವುದು ಕಣ್ಣು ಮುಚ್ಚಿದರೂ ಗೊತ್ತು. ಆದರೆ ಹೋದ ಮಂಗಳವಾರದ ಫೆರಿ ಯಾವುದು, ಹೋದ ವರ್ಷದ ಮಂಗಳವಾರದ್ದು ಯಾವುದು? ಕೇಳಬೇಡಿ. ಊರಲ್ಲಾದರೆ ಮಳೆ ಬಂದದ್ದನ್ನು ನೆನೆದು ತಿಂಗಳು ಹೇಳಬಹುದು. ಗೋಥೆನ್‌ಬರ್ಗ್‌ನಲ್ಲಿ ಆ ಸೌಲಭ್ಯವೂ ಇಲ್ಲ, ಎಲ್ಲ ತಿಂಗಳೂ ಮಳೆಯೇ.

ಅವರೆಕಾಯಿ ಸರಿ, ಇಸವಿ ತಪ್ಪು

ಪಾಸ್‌ಪೋರ್ಟ್ ನೋಡಿದ ರಾತ್ರಿ ಅಮ್ಮನಿಗೆ ಫೋನು ಮಾಡಿದೆ. "ಅಮ್ಮಾ, ನಾನು ಅಪ್ಪನ ಜೊತೆ ಕೊನೆಗೆ ಊಟಕ್ಕೆ ಕೂತಿದ್ದು ಯಾವಾಗ?"

"ಹಿದುಕವರೆ ಸಾರು ಮಾಡಿದ್ದೆ ಕಣೋ ಅವತ್ತು. ಕರೆಂಟು ಹೋಗಿ ದೀಪ ಹಚ್ಚಿಕೊಂಡು ಕೂತಿದ್ರಿ ಇಬ್ಬರೂ. ಎಂಟು ಗಂಟೆ ಆಗಿತ್ತು. ಯಾವ ಕಾಲ ಆಯ್ತೋ ಮಗ, ಮೂರು ವರ್ಷದ ಮೇಲೇ ಆಯ್ತು."

ನನ್ನ ಪ್ರಕಾರ ಒಂದು ವರ್ಷ, ಅಮ್ಮನ ಪ್ರಕಾರ ಮೂರರ ಮೇಲೆ. ಇಬ್ಬರದ್ದೂ ತಪ್ಪು. ಆದರೆ ಅವರೆಕಾಯಿಯ ವಿಷಯದಲ್ಲಿ, ರಾತ್ರಿ ಎಂಟು ಗಂಟೆಯ ವಿಷಯದಲ್ಲಿ, ಕರೆಂಟು ಹೋದದ್ದರಲ್ಲಿ ನಮ್ಮಿಬ್ಬರಿಗೂ ಒಂದೇ ಮಾತು.

ಇದು ನಮ್ಮ ಮನೆಯ ವಿಚಿತ್ರವಲ್ಲ. 1986ರ ಜನವರಿ 31ರಂದು ಅಮೆರಿಕದ ಓಹಾಯೊದಲ್ಲಿ ಭೂಮಿ ನಡುಗಿತು. ಅಲ್ಲಿನ ಓಬರ್ಲಿನ್ ಕಾಲೇಜಿನ ವಿಲಿಯಂ ಫ್ರೀಡ್‌ಮನ್ ಎಂಬ ಮನಃಶಾಸ್ತ್ರಜ್ಞರು ತಿಂಗಳುಗಳ ನಂತರ ಜನರನ್ನು ಕೇಳಿದರು: ಯಾವಾಗ ನಡುಗಿತು? ಗಂಟೆಯನ್ನು ಜನ ಸಾಕಷ್ಟು ಸರಿಯಾಗಿ ಹೇಳಿದರು. ತಿಂಗಳು ಹೇಳುವಾಗ ತಪ್ಪಿದರು. ಮಿದುಳು ತಾರೀಖನ್ನು ಬರೆದಿಡುವ ಹಾಗಿದ್ದರೆ ಹೀಗೆ ಆಗಲು ಸಾಧ್ಯವಿಲ್ಲ. ತಿಂಗಳು ತಿಳಿಯದವನಿಗೆ ಗಂಟೆ ತಿಳಿಯುವುದು ಹೇಗೆ? ಘಟನೆಯ ಜೊತೆಗೆ ಬೆಳಕು, ಊಟ, ಚಳಿ, ಬಟ್ಟೆ ಇವೆಲ್ಲ ಅಂಟಿಕೊಂಡು ಉಳಿಯುತ್ತವೆ. ಅವುಗಳಿಂದ ಹೊತ್ತನ್ನು, ಕೆಲವೊಮ್ಮೆ ಋತುವನ್ನು ಊಹಿಸಬಹುದು. ಇಸವಿಗೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ.

ನಾವು ಆಡಿಟ್‌ನಲ್ಲಿ ಮಾಡುವುದೂ ಇದನ್ನೇ. ತಾರೀಖಿಲ್ಲದ ವೋಚರು ಸಿಕ್ಕರೆ ಬಿಲ್ಲಿನ ಹಿಂದು ಮುಂದಿನ ನಂಬರು ನೋಡುತ್ತೇವೆ, ಸರಕಿನ ದರ ನೋಡುತ್ತೇವೆ, ಯಾರು ಸಹಿ ಮಾಡಿದ್ದಾರೆ, ಅವರು ಯಾವಾಗ ಕೆಲಸ ಬಿಟ್ಟರು ನೋಡುತ್ತೇವೆ. ವ್ಯತ್ಯಾಸ ಇಷ್ಟೇ, ನಾವು ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ 'ಅಂದಾಜು' ಎಂದು ಬರೆಯುತ್ತೇವೆ.

ಇನ್ನು ನನ್ನ ಒಂದು ವರ್ಷ, ಅಮ್ಮನ ಮೂರು ವರ್ಷ. ನಡುವಿನ ಅವಧಿಯಲ್ಲಿ ಏನೇನು ನಡೆಯಿತು ಎಂದು ಇಬ್ಬರೂ ಪಟ್ಟಿ ಮಾಡಿದೆವು. ಅಮ್ಮನ ಪಟ್ಟಿ: ಬೋರ್‌ವೆಲ್ ಕೊರೆಸಿದ್ದು, ನೀರು ಬರದೆ ಇನ್ನೊಂದು ಕೊರೆಸಿದ್ದು, ಅಪ್ಪನ ಕಣ್ಣಿನ ಪೊರೆಯ ಆಪರೇಷನ್, ನನ್ನ ಚಿಕ್ಕಪ್ಪನ ಮಕ್ಕಳ ಎರಡು ಮದುವೆ, ಹಸು ಮಾರಿದ್ದು, ಅಪ್ಪನಿಗೆ ಸಕ್ಕರೆ ಕಾಯಿಲೆ ಹೆಚ್ಚಾಗಿ ತುಮಕೂರಿಗೆ ಓಡಾಡಿದ್ದು, ಕೊರೊನಾ. ನನ್ನ ಪಟ್ಟಿ: ಕೊರೊನಾ.

ಮನಃಶಾಸ್ತ್ರಜ್ಞರು ಇದನ್ನು ಪ್ರಯೋಗಾಲಯದಲ್ಲೂ ನೋಡಿದ್ದಾರೆ. ಎರಡು ಚಿತ್ರಗಳ ನಡುವೆ ಸನ್ನಿವೇಶ ಬದಲಾದರೆ, ಗಡಿಯಾರದ ಲೆಕ್ಕದಲ್ಲಿ ಅಂತರ ಅಷ್ಟೇ ಇದ್ದರೂ, ನೆನಪಿನಲ್ಲಿ ಅವು ಹೆಚ್ಚು ದೂರ ಅನ್ನಿಸುತ್ತವೆ. ಅಮ್ಮನಿಗೆ ಬಾಗಿಲ ಮೇಲೆ ಬಾಗಿಲು ದಾಟಿದ ಹಾಗೆ. ನಾನೋ ಮೊದಲ ಹದಿನಾಲ್ಕು ತಿಂಗಳು ಫೆರಿಯಲ್ಲಿ ಸುತ್ತು ಹಾಕಿದೆ, ಉಳಿದ ಹದಿನಾಲ್ಕು ತಿಂಗಳು ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ. ಗುರುತಿಗೆ ಏನೂ ಇಲ್ಲದ ಕಾಲ ಮಡಚಿಕೊಂಡುಬಿಡುತ್ತದೆ. ಮಡಚಿದ ಆ ಕಡೆ ಅಪ್ಪನ ಮುಖ ಸ್ಪಷ್ಟವಾಗಿತ್ತು. ಸ್ಪಷ್ಟವಾಗಿರುವುದು ಹತ್ತಿರದ್ದೇ ಇರಬೇಕು ಎಂದು ತಲೆ ತೀರ್ಮಾನಿಸಿತು.

ಈ ತಪ್ಪಿಗೆ 'ಟೆಲಿಸ್ಕೋಪಿಂಗ್' ಎನ್ನುತ್ತಾರೆ. ದೂರದರ್ಶಕದಲ್ಲಿ ನೋಡಿದಂತೆ ದೂರದ್ದು ಹತ್ತಿರ ಕಾಣುವುದು. ಇದರ ಹೆಸರಾಂತ ಅಧ್ಯಯನ ಲೆಕ್ಕದ ಲೋಕದ್ದೇ ಎಂದು ತಿಳಿದಾಗ ನನಗೆ ನಗು ಬಂತು. 1964ರಲ್ಲಿ ನೀಟರ್ ಮತ್ತು ವಾಕ್ಸ್‌ಬರ್ಗ್ ಎಂಬ ಅಮೆರಿಕದ ಸಂಖ್ಯಾಶಾಸ್ತ್ರಜ್ಞರು, ಮನೆ ರಿಪೇರಿಗೆ ಜನ ಎಷ್ಟು ಖರ್ಚು ಮಾಡುತ್ತಾರೆ ಎಂಬ ಸಮೀಕ್ಷೆಯಲ್ಲಿ ಗಮನಿಸಿದ ವಿಷಯ ಇದು. ಇಂತಿಷ್ಟು ಅವಧಿಯ ಖರ್ಚು ಹೇಳಿ ಎಂದರೆ ಜನ ಅದಕ್ಕೂ ಹಿಂದಿನ ಖರ್ಚನ್ನು ತಂದು ಸೇರಿಸುತ್ತಿದ್ದರು. ನಮ್ಮ ಭಾಷೆಯಲ್ಲಿ ಇದು ಅಪ್ಪಟ ಕಟ್-ಆಫ್ ತಪ್ಪು: ಹಿಂದಿನ ವರ್ಷದ ಬಿಲ್ಲು ಈ ವರ್ಷದ ಫೈಲಿನಲ್ಲಿ. ಅವರು ಕಂಡುಕೊಂಡ ಪರಿಹಾರವೂ ಲೆಕ್ಕಿಗನದ್ದೇ. ಎರಡನೇ ಸಲ ಕೇಳುವಾಗ, ಹೋದ ಸಲ ಹೇಳಿದ್ದನ್ನು ಮೊದಲು ಓದಿ ಹೇಳುವುದು. ಆರಂಭದ ಶಿಲ್ಕು ಕೊಟ್ಟು ಮುಂದುವರಿಯಿರಿ ಎಂದ ಹಾಗೆ.

ಎರಡು ಊರಿನವರ ಲೆಕ್ಕ

ಈಗ ಆ ಐದು ನಿಮಿಷದ ತೆರಿಗೆ.

ಭಾರತದ ಆದಾಯ ತೆರಿಗೆಯ ದೃಷ್ಟಿಯಲ್ಲಿ ನೀವು ನಿವಾಸಿಯೋ ಅನಿವಾಸಿಯೋ ಎಂಬುದು ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಅಲ್ಲಿ ಎಷ್ಟು ದಿನ ಇದ್ದಿರಿ ಎಂಬುದರ ಮೇಲೆ ನಿಲ್ಲುತ್ತದೆ. ಹೊರಗೆ ನೆಲೆಸಿ ಊರಿಗೆ ಹೋಗಿಬರುವ ನಮ್ಮಂಥವರಿಗೆ ಸಾಮಾನ್ಯವಾಗಿ 182 ದಿನದ ಮಿತಿ. ಆದರೆ 2020ರ ತಿದ್ದುಪಡಿಯ ನಂತರ, ಬಾಡಿಗೆ, ಬಡ್ಡಿ ಇತ್ಯಾದಿ ಸೇರಿ ಭಾರತದ ಕಡೆಯ ಆದಾಯ 15 ಲಕ್ಷ ದಾಟಿದ್ದು, ಹಿಂದಿನ ನಾಲ್ಕು ವರ್ಷದಲ್ಲಿ ಒಟ್ಟು 365 ದಿನ ಅಲ್ಲಿ ಇದ್ದಿದ್ದರೆ, ಮಿತಿ 120 ದಿನಕ್ಕೆ ಇಳಿಯುತ್ತದೆ. ಇಲ್ಲಿ ಪೌರತ್ವಕ್ಕೆ ಅರ್ಜಿ ಹಾಕುವಾಗಲೂ ಸ್ವೀಡನ್ನಿನ ಹೊರಗೆ ಎಷ್ಟು ಕಾಲ ಇದ್ದಿರಿ ಎಂದು ಕೇಳುತ್ತಾರೆ. ಎರಡು ದೇಶವೂ ನಮ್ಮಿಂದ ಕೇಳುವುದು ಕಿರ್ದಿಯನ್ನು. ನಾವು ಕೊಡುವುದು ಖಾತೆಯನ್ನು.

ನನ್ನ ಹತ್ತಿರ ಬಂದ ಒಬ್ಬರು, ಬುದ್ಧಿವಂತ ಎಂಜಿನಿಯರು, "ಎರಡು ಸಲ ಹೋಗಿದ್ದೆ ಸಾರ್, ಒಟ್ಟು ಮೂರು ತಿಂಗಳು ಆಗಬಹುದು" ಎಂದರು. ಅವರ ತಾಯಿಗೆ ಹುಷಾರಿಲ್ಲದ ವರ್ಷ ಅದು. ಮುದ್ರೆ ಎಣಿಸಿದರೆ ಮೂರು ಸಲ, 127 ದಿನ. ಮೂರನೇ ಪ್ರಯಾಣ ಎಲ್ಲಿ ಹೋಯಿತು? ಅದನ್ನು ಅವರು ಮರೆತಿರಲಿಲ್ಲ, ಎರಡನೆಯದರ ಜೊತೆ ಅಂಟಿಸಿಕೊಂಡಿದ್ದರು. ಅದೇ ಆಸ್ಪತ್ರೆ, ಅದೇ ಕುರ್ಚಿ, ಅದೇ ಕ್ಯಾಂಟೀನಿನ ಕಾಫಿ. ನಮ್ಮ ಖಾತೆಯಲ್ಲಿ 'ಊರು' ಎಂದು ಒಂದು ಪುಟ, 'ಇಲ್ಲಿ' ಎಂದು ಇನ್ನೊಂದು ಪುಟ. ಊರಿನ ಪುಟದಲ್ಲಿ ಪ್ರಯಾಣಗಳೆಲ್ಲ ಒಂದರ ಪಕ್ಕ ಒಂದು ಕೂತಿರುತ್ತವೆ, ನಡುವೆ ಹದಿಮೂರು ತಿಂಗಳ ಅಂತರ ಇತ್ತೆಂದು ಆ ಪುಟ ಹೇಳುವುದಿಲ್ಲ. ಅದಕ್ಕೇ ವಿಮಾನದಿಂದಿಳಿದು ಅಂಗಳಕ್ಕೆ ಕಾಲಿಟ್ಟ ಕೂಡಲೇ ನಿನ್ನೆಯಷ್ಟೇ ಹೋಗಿದ್ದೆ ಅನ್ನಿಸುವುದು. ಇದು ನನ್ನ ಊಹೆ, ಯಾವ ಪ್ರಯೋಗಾಲಯದ್ದೂ ಅಲ್ಲ. ಆದರೆ ಇಲ್ಲಿ ಬಹಳ ಮಂದಿ ತಲೆಯಾಡಿಸುತ್ತಿದ್ದೀರಿ.

ವಲಸೆ ಹೋದವರ ನೆನಪಿನ ಬಗ್ಗೆ ಅಧ್ಯಯನಗಳಿವೆ. ಸಾಮಾನ್ಯವಾಗಿ ವಯಸ್ಸಾದವರಿಗೆ ಹತ್ತರಿಂದ ಮೂವತ್ತರ ನಡುವಿನ ನೆನಪುಗಳು ಹೆಚ್ಚು, ಗ್ರಾಫಿನಲ್ಲಿ ಅಲ್ಲೊಂದು ದಿಬ್ಬ ಕಾಣುತ್ತದೆ. 1998ರಲ್ಲಿ ಶ್ರಾಫ್ ಮತ್ತು ರೂಬಿನ್ ಎಂಬವರು ಅಮೆರಿಕಕ್ಕೆ ವಲಸೆ ಬಂದ ಸ್ಪ್ಯಾನಿಷ್ ಭಾಷೆಯ ಹಿರಿಯರನ್ನು ಮಾತಾಡಿಸಿದರು. ತಡವಾಗಿ ವಲಸೆ ಬಂದವರಲ್ಲಿ ಆ ದಿಬ್ಬ ವಲಸೆಯ ಕಾಲದ ಕಡೆಗೆ ಸರಿದಿತ್ತು. ನಾವೂ ಹಾಗೆಯೇ. ಮೊದಲ ಚಳಿಗಾಲ, ಮೊದಲ ಬಾಡಿಗೆ ಮನೆ, ತೆರಿಗೆ ಕಚೇರಿಯ ಸರದಿಯಲ್ಲಿ ನಿಂತದ್ದು ದಿನದ ಮಟ್ಟಿಗೆ ನೆನಪಿದೆ. ಐದನೇ ಚಳಿಗಾಲ?

ಅಜ್ಜಿಯ ಪದ್ಧತಿ

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಅಜ್ಜಿಗೆ ಇಸವಿ ಬರುತ್ತಿರಲಿಲ್ಲ. "ನಿಮ್ಮಪ್ಪ ಹುಟ್ಟಿದ್ದು ಆರಿದ್ರಾ ಮಳೆ ಹಿಡಿದಾಗ, ಕೆರೆ ಕೋಡಿ ಬಿದ್ದ ವರ್ಷ" ಎನ್ನುತ್ತಿದ್ದಳು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಕೋಡಿಯನ್ನೂ ಆರಿದ್ರಾವನ್ನೂ ಬಿಟ್ಟು ಜೂನ್ 1 ಎಂದು ಬರೆದುಕೊಂಡರು. ಆ ಪೀಳಿಗೆಯಲ್ಲಿ ಎಷ್ಟು ಜನ ಜೂನ್ 1ರಂದು ಹುಟ್ಟಿದವರಿದ್ದಾರೆ ನೋಡಿ. ನನ್ನ ಅಂದಾಜಿನಲ್ಲಿ ಅಜ್ಜಿಯ ದಾಖಲೆ ಮೇಷ್ಟ್ರ ದಾಖಲೆಗಿಂತ ಖಚಿತ. ಆರಿದ್ರಾ ಹಿಡಿಯುವುದು ಜೂನ್ 21, 22ರ ಸುಮಾರಿಗೆ.

ಮೈಸೂರು ಸೀಮೆಯಲ್ಲಿ 1876ರಿಂದ 78ರವರೆಗೆ ಬಿದ್ದ ಭೀಕರ ಬರವನ್ನು ಜನ ಕರೆದದ್ದು ಧಾತು-ಈಶ್ವರ ಬರ ಎಂದು. ಧಾತು, ಈಶ್ವರ ಎಂಬ ಎರಡು ಸಂವತ್ಸರಗಳ ಹೆಸರು ಅವು. ಅರವತ್ತು ವರ್ಷಕ್ಕೊಮ್ಮೆ ಮರಳುವ ಬರಿಯ ಹೆಸರುಗಳು, ಬರದ ಹೆಸರಾಗಿ ಉಳಿದುಕೊಂಡವು. ನನ್ನ ಪೀಳಿಗೆಯವರಿಗೆ ರಾಜ್‌ಕುಮಾರ್ ಅಪಹರಣವಾದ 2000ದ ಜುಲೈ 30 ಅಂಥದ್ದು. ಆ 108 ದಿನಗಳಲ್ಲಿ ನೀವು ಎಲ್ಲಿದ್ದಿರಿ, ಯಾವ ಪರೀಕ್ಷೆ ಮುಂದೆ ಹೋಯಿತು ಎಂದು ಕೇಳಿದರೆ ಯಾರೂ ಬೆರಳು ಎಣಿಸುವುದಿಲ್ಲ.

ಇದು ಬರೀ ಹಳೆಯ ಕಾಲದವರ ಮಾತಲ್ಲ. ಎಲಿಜಬೆತ್ ಲಾಫ್ಟಸ್ ಮತ್ತು ಮಾರ್‌ಬರ್ಗರ್ 1983ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸುತ್ತದೆ. "ಕಳೆದ ಆರು ತಿಂಗಳಲ್ಲಿ ನಿಮಗೆ ಹೀಗಾಗಿದೆಯೇ?" ಎಂದು ಕೇಳಿದರೆ ಜನ ಹಳೆಯದನ್ನೂ ಎಳೆದು ತರುತ್ತಿದ್ದರು. "ಸೇಂಟ್ ಹೆಲೆನ್ಸ್ ಜ್ವಾಲಾಮುಖಿ ಸಿಡಿದ ಮೇಲೆ ಹೀಗಾಗಿದೆಯೇ?" ಎಂದು ಕೇಳಿದಾಗ ಆ ತಪ್ಪು ಕಡಿಮೆಯಾಯಿತು. ಜ್ವಾಲಾಮುಖಿ ಸಿಡಿದದ್ದು 1980ರ ಮೇ 18ರಂದು. ಗೋಡೆಗೆ ಒಂದು ಮೊಳೆ ಹೊಡೆದರೆ ಉಳಿದ ಚಿತ್ರಗಳು ಅದರ ಈಚೆ ಆಚೆ ಕೂರುತ್ತವೆ.

ಈಗ ನನ್ನ ಹತ್ತಿರ ದಿನದ ಲೆಕ್ಕಕ್ಕೆ ಬರುವವರನ್ನು ನಾನು ತಾರೀಖು ಕೇಳುವುದಿಲ್ಲ. "ಹೋದಾಗ ಮಾವಿನಹಣ್ಣು ಇತ್ತೇ? ಗಣಪತಿ ಕೂರಿಸಿದ್ದರೇ? ಮಗು ಇಲ್ಲಿ ಡಾಗಿಸ್‌ಗೆ ಹೋಗುತ್ತಿತ್ತೇ, ಶಾಲೆಗೆ ಸೇರಿತ್ತೇ? ಕಾರ್ಲಾಟೋರ್ನೆಟ್ ಎಷ್ಟಿತ್ತು?" ಎಂದು ಕೇಳುತ್ತೇನೆ. ನಗುತ್ತಾರೆ. ಉತ್ತರ ಬಂದ ಮೇಲೆ ಟಿಕೆಟ್ಟು, ಪಾಸ್‌ಪೋರ್ಟ್ ಮುದ್ರೆ, ಫೋನಿನ ಫೋಟೊದ ತಾರೀಖು ತೆಗೆದು ತಾಳೆ ನೋಡುತ್ತೇವೆ. ಇಲ್ಲಿನವರು ಎಲ್ಲದಕ್ಕೂ ವಾರದ ನಂಬರು ಹೇಳುತ್ತಾರಲ್ಲ, "ವೆಕ್ಕಾ 28ಕ್ಕೆ ರಜೆ" ಎಂದು, ಅದು ಮುಂದಿನ ಕೆಲಸ ಗೊತ್ತುಮಾಡಲು ಬಲು ಅನುಕೂಲ. ಹಿಂದಿನದನ್ನು ನೆನೆಯಲು ಅಷ್ಟೇ ನಿರುಪಯೋಗಿ. ವೆಕ್ಕಾ 28ಕ್ಕೆ ಯಾವ ಸಾರೂ ಇಲ್ಲ. ಹಳೆಯ ಪಾಸ್‌ಪೋರ್ಟನ್ನು ದಯವಿಟ್ಟು ಬಿಸಾಡಬೇಡಿ. ಪ್ರತಿ ಪ್ರಯಾಣದಿಂದ ಬಂದ ವಾರವೇ ಹೋದ ದಿನ, ಬಂದ ದಿನ ಒಂದು ಸಾಲು ಬರೆದಿಡಿ.

ನಾನು ಕೊನೆಗೆ ಊರಿಗೆ ಹೋದದ್ದು 2021ರ ನವೆಂಬರಿನಲ್ಲಿ. ಅಪ್ಪನ ಕೋಣೆಯ ಗೂಡಿನಲ್ಲಿ ಕೆಂಪು ಬಟ್ಟೆಯ ರಟ್ಟಿನ ಕಿರ್ದಿಗಳು ವರ್ಷವಾರು ಜೋಡಿಸಿದ್ದವು. ವ್ಯಾಪಾರ ಬಿಟ್ಟ ಮೇಲೂ ಅವರು ಮನೆಖರ್ಚಿನ ಕಿರ್ದಿ ಬಿಟ್ಟಿರಲಿಲ್ಲ. 2019ರದ್ದನ್ನು ತೆಗೆದು ಜನವರಿಗೆ ಬಂದೆ. ಅಮ್ಮ ಪಕ್ಕದಲ್ಲೇ ನಿಂತಿದ್ದಳು. ಖರ್ಚಿನ ಕಡೆ, 11-1-2019, ಅಪ್ಪನ ಓರೆ ಅಕ್ಷರ: ಅವರೆಕಾಯಿ 3 ಕೆ.ಜಿ., 120. ಸೀಮೆಎಣ್ಣೆ, 40. ಮರುದಿನ, 12-1-2019: ಮಗನನ್ನು ಸ್ಟೇಷನ್ನಿಗೆ ಬಿಟ್ಟು ಬಂದ ಆಟೋ, ಹೋಗಿ ಬರಲು, 160. ಕೆಳಗೆ ಗೆರೆ ಎಳೆದು ಶಿಲ್ಕು ಬರೆದಿದ್ದರು. ಕೂಡಿ ನೋಡಿದೆ, ಸರಿಯಾಗಿತ್ತು.